ಕೋವಿಗೆ ಕಪ್ಪು ಕಟ್ಟುವಾಗ ನಳಿಗೆಯ ಒಳಮೈ ರಕ್ಷಣೆ

ಕೋವಿಯ ಉಕ್ಕಿನ ಭಾಗಗಳಿಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಆ ತುಕ್ಕನ್ನು ಕುದಿಯುವ ನೀರಿನಲ್ಲಿ ಕಪ್ಪಾಗಿಸಿ, ಉಜ್ಜಿ, ಎಣ್ಣೆ ಸವರಿ ನೀಲಿಗಪ್ಪು ಬಣ್ಣ ಕಟ್ಟುವ ವಿಧಾನಕ್ಕೆ ರಸ್ಟ್ ಬ್ಲೂಯಿಂಗ್ ಎಂದು ಹೆಸರು. ಬಣ್ಣವೆಲ್ಲ ಹೊರಮೈಗೆ. ಗುಂಡು ಹಾಯುವ ಒಳಮೈಗೆ, ಅಂದರೆ ಬೋರಿಗೆ, ಈ ತುಕ್ಕು ಸೋಕಲೂ ಬಾರದು. ಹೊರಗಿನ ಬಣ್ಣ ಮಾಸಿದರೆ ಮತ್ತೆ ಕಟ್ಟಬಹುದು. ಒಳಗೆ ಒಮ್ಮೆ ಗುಳಿ ಬಿದ್ದರೆ ಹೋದ ಲೋಹ ಮರಳಿ ಬರುವುದಿಲ್ಲ. ಕೋವಿಯ ಬೆಲೆಯೂ ಗುರಿಯೂ ಸುರಕ್ಷತೆಯೂ ಬೋರಿನಲ್ಲೇ ಇವೆ. ಹಾಗಿದ್ದೂ ಬಣ್ಣ ಕಟ್ಟಿಸುವವರು ಮೊದಲು ನೋಡುವುದು ಹೊರಗಿನ ಮಿಂಚನ್ನು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕೋವಿ ಮನೆಮನೆಯ ವಸ್ತುವಲ್ಲ. ಬೆಳೆ ರಕ್ಷಣೆಗೆಂದು ಹಿಂದೆ ಪರವಾನಗಿ ಪಡೆದ ಕೆಲವು ಕುಟುಂಬಗಳಲ್ಲಿ ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ ಹಳೆಯ ಕೋವಿಗಳು ಉಳಿದಿವೆ. ತೋಟಕ್ಕೆ ನುಗ್ಗುವ ಹಂದಿಯನ್ನೂ ಎಳನೀರು ಕೆಡಹುವ ಕೋತಿಯನ್ನೂ ಸದ್ದಿನಿಂದ ಬೆದರಿಸುವುದೇ ಇವುಗಳ ಮುಖ್ಯ ಕೆಲಸ. ವರ್ಷದಲ್ಲಿ ಹೆಚ್ಚು ದಿನ ಗೋಡೆಯ ಮೇಲೋ ಬೀರುವಿನಲ್ಲೋ ಇರುವ ಇಂಥ ಕೋವಿಗಳಿಗೆ ಗುಂಡಿನ ಸವೆತಕ್ಕಿಂತ ತುಕ್ಕಿನ ಕಾಟ ಹೆಚ್ಚು. ಬಣ್ಣ ಹೋದ ತಾತನ ಕಾಲದ ಕೋವಿಗೆ ಮತ್ತೆ ಕಪ್ಪು ಕಟ್ಟಿಸುವ ಮಾತು ಬರುವುದು ಹೀಗೆ.

ಕಬ್ಬಿಣದ ನಂಟು ಈ ಸೀಮೆಗೆ ಹೊಸದಲ್ಲ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಇದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅದಿರನ್ನೂ ಇಂದಿನ ತುಮಕೂರು ಜಿಲ್ಲೆಯ ಆಸುಪಾಸಿನ ಕುಲುಮೆಗಳಲ್ಲಿ ಕಬ್ಬಿಣ ಕರಗಿಸುವ ಕ್ರಮವನ್ನೂ ಕಂಡು ಬರೆದ. ಆ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಈ ಗುಡ್ಡಗಳ ಅದಿರಿನಲ್ಲಿ ಕೆಂಪು ಹೆಮಟೈಟ್ ಇದೆ, ಕಪ್ಪು ಮ್ಯಾಗ್ನಟೈಟ್ ಕೂಡ ಇದೆ. ಬಣ್ಣ ಕಟ್ಟಿದ ನಳಿಗೆಯ ಮೇಲೆ ಕೂರುವ ಕಪ್ಪು ಪದರವೂ ಇದೇ ಮ್ಯಾಗ್ನಟೈಟ್.

ಕಪ್ಪು ಕಟ್ಟುವ ಕ್ರಮ

ಮೊದಲು ಹಳೆಯ ಬಣ್ಣ ತೆಗೆದು ಉಕ್ಕನ್ನು ನಯವಾಗಿ ಉಜ್ಜುತ್ತಾರೆ. ಬಳಿಕ ಕೈಜಿಡ್ಡೂ ಉಳಿಯದಂತೆ ಕ್ಷಾರದ ನೀರಿನಲ್ಲಿ ತೊಳೆಯುತ್ತಾರೆ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳಲ್ಲಿ ಕಬ್ಬಿಣ ಕರಗಿಸಿದ ದ್ರಾವಣವನ್ನೋ ಫೆರಿಕ್ ಕ್ಲೋರೈಡ್ ಇರುವ ದ್ರಾವಣವನ್ನೋ ಅರಿವೆಯ ತುಂಡಿನಿಂದ ಒಂದೇ ಎಳೆತದಲ್ಲಿ ತೆಳ್ಳಗೆ ಸವರಿ, ತೇವದ ಪೆಟ್ಟಿಗೆಯೊಳಗೆ ಕೆಲವು ಗಂಟೆ ತೂಗಿಬಿಡುತ್ತಾರೆ. ಮೈಮೇಲೆ ಸಣ್ಣ ಹುಡಿಯಂಥ ಕೆಂಪು ತುಕ್ಕು ಸಮವಾಗಿ ಏಳುತ್ತದೆ. ಅದನ್ನು ಶುದ್ಧ ನೀರಿನಲ್ಲಿ 20–30 ನಿಮಿಷ ಕುದಿಸಿದರೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ಮಖಮಲ್ಲಿನಂತೆ ಸಡಿಲವಾಗಿ ನಿಂತ ಕಪ್ಪನ್ನು ನವಿರಾದ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದಾಗ ಅಡಿಯಲ್ಲಿ ಗಟ್ಟಿ ಪದರ ಉಳಿಯುತ್ತದೆ. ಮತ್ತೆ ದ್ರಾವಣ, ಮತ್ತೆ ತುಕ್ಕು, ಮತ್ತೆ ಕುದಿ. ಸಾಮಾನ್ಯವಾಗಿ ಐದಾರು ಸುತ್ತಿಗೆ, ಕೆಲವು ಉಕ್ಕಿಗೆ ಎಂಟು ಹತ್ತು ಸುತ್ತಿಗೆ ಬಣ್ಣ ಪಕ್ವವಾಗುತ್ತದೆ. ಕೊನೆಗೆ ಉಳಿದ ಆಮ್ಲವನ್ನು ಅಡುಗೆ ಸೋಡಾದ ನೀರಿನಿಂದ ತಣಿಸಿ, ಎಣ್ಣೆಯಲ್ಲಿ ನೆನೆಸಿಡುತ್ತಾರೆ. ಕುದಿಸದೆ ಬರೀ ತುಕ್ಕನ್ನೇ ಉಜ್ಜುತ್ತ ಹೋದರೆ ಕಂದು ಬಣ್ಣ ಬರುತ್ತದೆ; ಹಳೆಯ ಕೇಪಿನ ಕೋವಿಗಳಲ್ಲಿ ಕಾಣುವುದು ಬಹುಪಾಲು ಅದೇ.

ಇಷ್ಟು ಪಾಡುಪಟ್ಟು ಪಡೆದ ಪದರ ಕೆಲವೇ ಮೈಕ್ರಾನ್ ದಪ್ಪ. ಅದು ತಾನೇ ತುಕ್ಕನ್ನು ತಡೆಯುವುದಕ್ಕಿಂತ, ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಹಿಡಿದಿಟ್ಟುಕೊಂಡು ತಡೆಯುತ್ತದೆ. ಎಣ್ಣೆ ಆರಿದ ಬಣ್ಣದ ಕೋವಿ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ.

ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯ ತೊಟ್ಟಿಯಲ್ಲಿ ಅದ್ದಿ ಅರ್ಧ ಗಂಟೆಯಲ್ಲಿ ಕಪ್ಪಾಗಿಸುವ ವಿಧಾನವೂ ಇದೆ, ಕಾರ್ಖಾನೆಗಳಿಗೆ ಅದೇ ಅನುಕೂಲ. ಜೋಡಿ ನಳಿಗೆಗೆ ಮಾತ್ರ ಅದು ಕೂಡದು. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಸೀಸ-ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಬಿಸಿ ಕ್ಷಾರ ಆ ಬೆಸುಗೆಯನ್ನು ತಿನ್ನುತ್ತದೆ, ಪಟ್ಟಿಯಡಿ ಸಿಕ್ಕಿಕೊಂಡ ಲವಣ ತಿಂಗಳುಗಟ್ಟಲೆ ಒಸರುತ್ತದೆ. ಆದ್ದರಿಂದ ಇಂಥ ಕೋವಿಗಳಿಗೆ ನಿಧಾನದ ತುಕ್ಕಿನ ದಾರಿಯೇ ಸರಿ.

ಒಳಮೈಗೆ ಒದಗುವ ಅಪಾಯ

12 ಬೋರಿನ ಕೋವಿಯಲ್ಲಿ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, ಒಳಗೋಡೆ ಕನ್ನಡಿಯಷ್ಟು ನುಣುಪು. ಬಾಯಿಯ ಬಳಿ ಚರೆಗಳನ್ನು ಒಟ್ಟುಗೂಡಿಸುವ ಸಣ್ಣ ಇಕ್ಕಟ್ಟು ಇರುತ್ತದೆ. ಅಲ್ಲಿ ಕೂದಲೆಳೆಯಷ್ಟು ಲೋಹ ಹೋದರೂ ಚರೆ ಹರಡುವ ರೀತಿ ಬದಲಾಗುತ್ತದೆ. ರೈಫಲ್ಲಿನಲ್ಲಿ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಅಂಚು ಚೂಪಾಗಿರಬೇಕು. ತೋಟಾ ಕೂರುವ ಹಿಂಬದಿಯ ಕೋಣೆ ಒರಟಾದರೆ ಹೊಡೆದ ತೋಟಾ ಕಚ್ಚಿಕೊಂಡು ಈಚೆ ಬರುವುದಿಲ್ಲ. ಗುಳಿಗಳಲ್ಲಿ ಸೀಸ ಮತ್ತು ಮಸಿ ಕೂತು, ಅದರಡಿ ತೇವ ನಿಂತು, ಗುಳಿ ಮತ್ತೂ ಆಳವಾಗುತ್ತದೆ.

ಬಣ್ಣ ಕಟ್ಟುವವರಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ: ಕುದಿಯುವ ನೀರು ಒಳಗೆ ಹೊಕ್ಕರೆ ಬೋರು ಕೆಟ್ಟಿತು ಎಂದು. ವಾಸ್ತವದಲ್ಲಿ ಚೆನ್ನಾಗಿ ಕುದಿದ ಶುದ್ಧ ನೀರಿನಲ್ಲಿ ಕರಗಿದ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆ ಅರ್ಧ ಗಂಟೆಯಲ್ಲಿ ಬರೀ ಉಕ್ಕಿಗೆ ಆಗುವ ಹಾನಿ ಅಲ್ಪ. ನಿಜವಾದ ಕೇಡು ಮೂರು ಕಡೆಯಿಂದ ಬರುತ್ತದೆ. ತೇವದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ನಿಲ್ಲುವ ಆಮ್ಲದ ಹಬೆ ನಳಿಗೆಯ ಬಾಯಿಂದ ಒಳಗೆ ಇಳಿಯುತ್ತದೆ, ದ್ರಾವಣವೇ ಸೋಕದ ಕಡೆಯೂ ಕೆಂಪೇಳುತ್ತದೆ. ದ್ರಾವಣ ಹೆಚ್ಚಾಗಿ ಅದ್ದಿದ ಅರಿವೆಯಿಂದ ಒಂದು ಹನಿ ತುದಿಯ ಅಂಚು ದಾಟಿ ಒಳಗೆ ಹರಿಯುತ್ತದೆ. ಕುದಿಸಿ ತೆಗೆದ ಮೇಲೆ ಒಳಗುಳಿದ ನೀರು ಗಾಳಿ ತಾಕಿದ ಕ್ಷಣದಿಂದ ತನ್ನ ಕೆಲಸ ಶುರುಮಾಡುತ್ತದೆ. ಮೂರನ್ನೂ ತಡೆಯಬಲ್ಲ ಒಂದೇ ಉಪಾಯ ಯಾವುದೂ ಇಲ್ಲ.

ಬೋರನ್ನು ಕಾಯುವ ವಿಧಾನಗಳು

ಬಲು ಹಳೆಯದು ಮರದ ಬೆಣೆ. ಮೊನಚಾಗಿ ಕಡೆದ ಗಟ್ಟಿ ಮರದ ಬೆಣೆಗಳನ್ನು ನಳಿಗೆಯ ಎರಡೂ ತುದಿಗೆ ಹೊಡೆದು, ಬೆಣೆಯ ಉದ್ದನೆಯ ಹಿಡಿಯಿಂದಲೇ ನಳಿಗೆಯನ್ನು ಎತ್ತಿ ಇಳಿಸುತ್ತಾರೆ. ಕೈ ತಾಗದೆ ಕೆಲಸ ಮಾಡಬಹುದಾದ್ದರಿಂದ ಹೊರಮೈಯಲ್ಲಿ ಬೆರಳಚ್ಚಿನ ಕಲೆಯೂ ಬೀಳುವುದಿಲ್ಲ. ನೆನೆದ ಮರ ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ. ಮರದ ಆಯ್ಕೆಯಲ್ಲಿ ಎಚ್ಚರ ಬೇಕು: ಜಾಲಿಯಂಥ ಒಗರು ಹೆಚ್ಚಿರುವ ಮರ ಕುದಿಯುವ ನೀರಿಗೆ ಟ್ಯಾನಿನ್ ಬಿಡುತ್ತದೆ, ಅದು ಕಬ್ಬಿಣದೊಡನೆ ಸೇರಿ ಮಸಿಗಪ್ಪು ಕಲೆ ಮಾಡುತ್ತದೆ. ಸುಲಭಕ್ಕೆ ಕೈಗೆ ಸಿಗುತ್ತದೆಂದು ತೆಂಗಿನ ಸಿಪ್ಪೆಯ ತುಂಡನ್ನೋ ನಾರನ್ನೋ ತುರುಕಿದರೂ ಇದೇ ತೊಂದರೆ. ಜೊತೆಗೆ ಅದು ನೀರು ಕುಡಿಯುತ್ತದೆ.

ಬೆಣೆ ಹೊಡೆದ ನಳಿಗೆ ಮುಚ್ಚಿದ ಪಾತ್ರೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 27 ಡಿಗ್ರಿಯಲ್ಲಿ ಸಿಕ್ಕಿಕೊಂಡ ಒಣ ಗಾಳಿ ಆ ಬಿಸಿಗೆ ಏರಿದಾಗ ಒಳಗಿನ ಒತ್ತಡ ಕಾಲುಭಾಗದಷ್ಟು ಹೆಚ್ಚುತ್ತದೆ; ಒಳ್ಳೆಯ ಬೆಣೆ ಅದನ್ನು ತಾಳುತ್ತದೆ. ಒಳಗೆ ಎರಡು ಮೂರು ಹನಿ ನೀರು ಉಳಿದಿದ್ದರೆ ಲೆಕ್ಕವೇ ಬೇರೆ. ಅದು ಆವಿಯಾಗಿ ಇನ್ನೊಂದು ವಾಯುಭಾರದಷ್ಟು ಒತ್ತಡ ಕೂಡಿಸುತ್ತದೆ, 12 ಬೋರಿನ ಬೆಣೆಯ ಮೇಲೆ ಸುಮಾರು ಮೂರು ಕಿಲೋಗ್ರಾಂ ತೂಕದ ತಳ್ಳು ಬೀಳುತ್ತದೆ. ಬೆಣೆ ಹಾರಿ ಕುದಿನೀರು ಮುಖಕ್ಕೆ ಎರಚುವುದು ಇದರಿಂದ. ಹಾರದಿದ್ದರೆ ಇನ್ನೊಂದು ಕೇಡು: ನಳಿಗೆ ತಣ್ಣಗಾಗುತ್ತಿದ್ದಂತೆ ಒಳಗಿನ ಗಾಳಿ ಕುಗ್ಗಿ, ಬೆಣೆಯ ಸಂದಿನಲ್ಲಿ ನಿಂತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಒಣಗಿದಂತೆ ಕಾಣುವ ನಳಿಗೆಯೊಳಗೆ ಬೆಳಗಾಗುವಷ್ಟರಲ್ಲಿ ಕೆಂಪು ಉಂಗುರ ಮೂಡುತ್ತದೆ. ಆದ್ದರಿಂದ ಬೆಣೆ ಹೊಡೆಯುವ ಮೊದಲು ನಳಿಗೆಯನ್ನು ತುಸು ಬಿಸಿಮಾಡಿ ಒಳಗನ್ನು ಪೂರ್ತಿ ಒಣಗಿಸಬೇಕು. ಪ್ರತಿ ಕುದಿಯ ಬಳಿಕ ಬಿಸಿ ಇರುವಾಗಲೇ ಬೆಣೆ ಕಿತ್ತು ಒಣ ಬಟ್ಟೆ ಹಾಯಿಸಬೇಕು.

ರಬ್ಬರ್ ಬಿರಡೆ ಮರಕ್ಕಿಂತ ಉತ್ತಮ. ಎರಡು ತುದಿಯ ಬಿರಡೆಗಳ ನಡುವೆ ಉದ್ದನೆಯ ಸಲಾಕೆ ತೂರಿಸಿ ನಟ್ಟು ಬಿಗಿದರೆ ರಬ್ಬರು ಅಗಲಕ್ಕೆ ಉಬ್ಬಿ ಹಿಡಿಯುತ್ತದೆ, ಹಾರುವ ಭಯವಿಲ್ಲ. ಒಂದು ಬಿರಡೆಯಲ್ಲಿ ಸಣ್ಣ ತೂತು ಕೊರೆದು ನೀರಿನ ಮಟ್ಟಕ್ಕಿಂತ ಮೇಲೆ ಬರುವ ಕೊಳವೆ ಕೂರಿಸಿದರೆ ಒಳಗಿನ ಗಾಳಿ ಉಸಿರಾಡುತ್ತದೆ, ಒತ್ತಡವೂ ಇಲ್ಲ, ತಣಿಯುವಾಗ ನೀರೆಳೆತವೂ ಇಲ್ಲ. ಖರ್ಚು ಕಡಿಮೆ, ಫಲ ಹೆಚ್ಚು. ರೈಫಲ್ಲಿಗೆ ಇದನ್ನೇ ಆರಿಸಬೇಕು.

ಬೋರಿಗೆ ಅರಗಿನ ವಾರ್ನಿಷನ್ನೋ ಲ್ಯಾಕರನ್ನೋ ಸುರಿದು ಪದರ ಕಟ್ಟುವ ಪದ್ಧತಿಯೂ ಹಿಂದಿನಿಂದ ಇದೆ. ಆಮ್ಲದ ಹಬೆಯನ್ನು ಅದು ಚೆನ್ನಾಗಿ ತಡೆಯುತ್ತದೆ. ಅರಗು ಮಾತ್ರ ನೀರು ಕುದಿಯುವ ಮೊದಲೇ ಮೆತ್ತಗಾಗಿ ಸುಲಿಯುತ್ತದೆ, ಸುಲಿದಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಪದರ ಎಲ್ಲಿ ಗಟ್ಟಿ ಇದೆ, ಎಲ್ಲಿ ಬಿರಿದಿದೆ ಎಂದು ಕೆಲಸ ಮುಗಿಯುವವರೆಗೆ ತಿಳಿಯುವುದಿಲ್ಲವಾದ್ದರಿಂದ ಒಂದನ್ನೇ ನೆಚ್ಚುವುದು ಸರಿಯಲ್ಲ. ಒಳಗೆ ಕ್ರೋಮಿಯಂ ಲೇಪಿಸಿದ ಹೊಸ ನಳಿಗೆಗಳಿಗೆ ಇದ್ಯಾವುದರ ಚಿಂತೆಯೂ ಕಡಿಮೆ.

ಜೋಡಿ ನಳಿಗೆಯ ಕೋವಿಗೆ ಒಳ್ಳೆಯ ದಾರಿ ಬೋರನ್ನು ಮುಚ್ಚುವುದು, ತೆರೆದಿಡುವುದು ಎರಡನ್ನೂ ಬೆರೆಸಿದ್ದು. ದ್ರಾವಣ ಸವರುವಾಗ, ತೇವದ ಪೆಟ್ಟಿಗೆಯಲ್ಲಿ ಇಡುವಾಗ ಎರಡೂ ಬೋರುಗಳನ್ನು ಬಿಗಿಯಾಗಿ ಮುಚ್ಚಬೇಕು. ಕುದಿಸುವಾಗ ಬಿರಡೆ ತೆಗೆದು, ನೀರು ಎರಡೂ ತುದಿಯಿಂದ ಧಾರಾಳವಾಗಿ ಹಾಯಲು ಬಿಡಬೇಕು. ಹೊರಗೆ ತೆಗೆದ ನಳಿಗೆಯನ್ನು ನಿಟ್ಟಗೆ ಹಿಡಿದರೆ ನೀರು ಬಸಿದು, ಉಕ್ಕಿನ ಬಿಸಿಗೇ ಉಳಿದ ತೇವ ಒಂದೆರಡು ನಿಮಿಷದಲ್ಲಿ ಆರುತ್ತದೆ. ಕೂಡಲೇ ಒಣ ಬಟ್ಟೆ ಹಾಯಿಸಿದರೆ ಮುಗಿಯಿತು. ಮುಚ್ಚಿಟ್ಟು ಒಳಗೇನಾಗಿದೆಯೋ ಎಂದು ಕಾಯುವುದಕ್ಕಿಂತ, ಪ್ರತಿ ಸುತ್ತಿನಲ್ಲೂ ಬೋರನ್ನು ಕಣ್ಣಾರೆ ನೋಡಲು ಸಿಗುವುದೇ ಇದರ ದೊಡ್ಡ ಲಾಭ. ನೀರು ಶುದ್ಧವಾಗಿರಬೇಕೆಂಬ ಷರತ್ತು ಮಾತ್ರ ಕಟ್ಟುನಿಟ್ಟು. ಇಲ್ಲಿನ ಕೊಳವೆಬಾವಿಗಳ ಗಡಸು ನೀರಿನಲ್ಲಿ ಕುದಿಸಿದರೆ ಹೊರಗೆ ಬಿಳಿ ಕಲೆ, ಒಳಗೆ ಲವಣದ ಪೊರೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ತರಿಸಬೇಕು. ಇಲ್ಲವೇ ಮೊದಲ ಮಳೆ ಸೂರು ತೊಳೆದುಹೋದ ಬಳಿಕ ಹಿಡಿದ ಮಳೆನೀರನ್ನು ಸೋಸಿ ಬಳಸಬೇಕು.

ಕೊಬ್ಬರಿ ಎಣ್ಣೆಯ ಮಾತು

ಮಚ್ಚಿಗೆ, ಕುಡುಗೋಲಿಗೆ, ಕಾಯಿ ಸುಲಿಯುವ ಸಲಾಕೆಗೆ ತುಕ್ಕು ಬಾರದಂತೆ ಕೊಬ್ಬರಿ ಎಣ್ಣೆ ಸವರುವುದು ತೆಂಗಿನ ಸೀಮೆಯ ಸಹಜ ಅಭ್ಯಾಸ. ಅದೇ ಕೈ ಕೋವಿಯ ಬೋರಿಗೂ ಎಣ್ಣೆ ತುಂಬಿ, ಇನ್ನು ನೀರು ಏನು ಮಾಡೀತು ಎಂದು ಕುದಿಯುವ ತೊಟ್ಟಿಗೆ ಇಳಿಸುತ್ತದೆ. ಬಣ್ಣ ಕಟ್ಟುವ ಕೆಲಸವನ್ನು ಕೆಡಿಸಲು ಇದಕ್ಕಿಂತ ಖಚಿತವಾದ ದಾರಿ ಇಲ್ಲ. ಬಿಸಿಗೆ ತೆಳುವಾದ ಎಣ್ಣೆ ಬೋರಿನಿಂದ ಹೊರಟು ನೀರಿನ ಮೇಲೆ ತೇಲುತ್ತದೆ. ನಳಿಗೆಯನ್ನು ಎತ್ತುವಾಗ ಆ ಪೊರೆ ಇಡೀ ಹೊರಮೈಗೆ ಅಂಟುತ್ತದೆ. ಮುಂದಿನ ಸುತ್ತಿನಲ್ಲಿ ದ್ರಾವಣ ಜಿಡ್ಡಿನ ಮೇಲೆ ನಿಲ್ಲದೆ, ಬಣ್ಣ ತೇಪೆತೇಪೆಯಾಗುತ್ತದೆ. ಎಣ್ಣೆ ಹೊರಟುಹೋದ ಬೋರಿಗೂ ರಕ್ಷಣೆ ಉಳಿಯುವುದಿಲ್ಲ. ಗ್ರೀಸಿಗೂ ಇದೇ ಮಾತು.

ಕೆಲಸವೆಲ್ಲ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಬಹುದೇ? ಅದರ ಪರವಾಗಿ ಹೇಳಬೇಕಾದ್ದು ಇದೆ. ಅದರಲ್ಲಿ ಸುಮಾರು ಶೇಕಡ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಅರ್ಧಕ್ಕೆ ಹತ್ತಿರ ಲಾರಿಕ್ ಆಮ್ಲದ್ದು. ಹೀಗಾಗಿ ಅಗಸೆ ಎಣ್ಣೆ, ಹುಚ್ಚೆಳ್ಳೆಣ್ಣೆಗಳಂತೆ ಗಾಳಿಗೆ ಅಂಟುಗಟ್ಟಿ ಗೋಂದಾಗುವುದಿಲ್ಲ. ಹೊರಗಿನ ಉಕ್ಕಿಗೆ ನಾಲ್ಕು ದಿನದ ಲೇಪವಾಗಿ ಅದು ಸಾಲುತ್ತದೆ. ಬೋರಿಗೆ ಮಾತ್ರ ಎರಡು ದೋಷ ಅಡ್ಡಬರುತ್ತವೆ. 24–25 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಗಿನಲ್ಲಿ ನಳಿಗೆಯೊಳಗೆ ಬಿಳಿ ಗಡ್ಡೆಯಾಗಿ ನಿಂತು ಕೆಲವು ಕಡೆ ದಪ್ಪ, ಕೆಲವು ಕಡೆ ಬರಿದು ಮಾಡುತ್ತದೆ. ಎರಡನೆಯದು, ತೇವ ಸೇರಿದರೆ ಕೊಬ್ಬು ಒಡೆದು ಬಿಡಿ ಆಮ್ಲಗಳು ಹುಟ್ಟುತ್ತವೆ. ಕೌಟು ಕೊಬ್ಬರಿಯ ಎಣ್ಣೆಯಲ್ಲಿ ಇವು ಮೊದಲೇ ಹೆಚ್ಚು. ಇವು ಉಕ್ಕನ್ನು ನಿಧಾನವಾಗಿ ಕಡಿಯುತ್ತವೆ. ಬೋರಿಗೆ ತೆಳು ಖನಿಜ ತೈಲವೇ ಸರಿ. ನಮ್ಮ ಗಾಣದ ಎಣ್ಣೆಯ ಮೇಲಿನ ಪ್ರೀತಿ ಈ ಒಂದು ಕಡೆ ಅಡ್ಡ ಬರಬಾರದು.

ಕೋವಿ ಇಡುವ ಜಾಗವೂ ಮುಖ್ಯ. ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಒಣಗಲು ಬಿಡುವುದು ಇಲ್ಲಿನ ಕ್ರಮ. ಹಸಿ ತಿರುಳಿನ ತೂಕದಲ್ಲಿ ಅರ್ಧದಷ್ಟು ನೀರು. ಒಳ್ಳೆಯ ಕೊಬ್ಬರಿಯಲ್ಲಿ ಉಳಿಯುವುದು ಶೇಕಡ 6ರ ಆಸುಪಾಸು. ಸಾವಿರಾರು ಕಾಯಿಗಳಿಂದ ಆರಿದ ಆ ನೀರೆಲ್ಲ ಅದೇ ಮನೆಯ ಗಾಳಿಗೆ ಸೇರುತ್ತದೆ. ಗಾಳಿಯ ತೇವಾಂಶ ಶೇಕಡ 60 ದಾಟಿದರೆ ಉಕ್ಕಿಗೆ ತುಕ್ಕು ಚುರುಕಾಗುತ್ತದೆ. ಕಾಯಿ ತುಂಬಿದ ಅಟ್ಟದ ಕೆಳಗೆ, ಕೊಟ್ಟಿಗೆಯ ಪಕ್ಕದ ಗೋಡೆಗೆ ಕೋವಿ ತೂಗುಹಾಕಬಾರದು. ಬಟ್ಟೆಯ ಚೀಲದಲ್ಲಿ ಸುತ್ತಿಡುವುದಂತೂ ಇನ್ನೂ ಕೆಟ್ಟದ್ದು, ಬಟ್ಟೆ ತೇವ ಹಿಡಿಯುತ್ತದೆ. ಚುನಾವಣೆ ಬಂದಾಗ ಪರವಾನಗಿದಾರರು ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಕೊಡುವ ಮುನ್ನ ಬೋರಿಗೆ ದಪ್ಪನಾಗಿ ಎಣ್ಣೆ ಹಾಯಿಸುವುದು, ವಾಪಸು ತಂದ ದಿನವೇ ಒರೆಸಿ ನೋಡುವುದು ರೂಢಿಯಾಗಬೇಕು.

ಕೊಡಗು ಮತ್ತು ಮೈಸೂರಿನ ಹಿನ್ನೆಲೆ

ಕರ್ನಾಟಕದಲ್ಲಿ ಕೋವಿಯ ಆರೈಕೆ ಬದುಕಿನ ಭಾಗವಾಗಿರುವುದು ಕೊಡಗಿನಲ್ಲಿ. ಮಾರ್ಕ್ ಕಬ್ಬನ್ ಮೈಸೂರಿನ ಬ್ರಿಟಿಷ್ ಆಯುಕ್ತನಾಗಿದ್ದಾಗ 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ಸಿಕ್ಕ ವಿನಾಯಿತಿ ಇಂದಿಗೂ ನಡೆದುಬಂದಿದೆ. ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ 3ರ ಸುಮಾರಿಗೆ, ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೆಗೆದು ಶುಚಿಗೊಳಿಸಿ, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ. ಮಳೆಗಾಲದ ನಡುವೆಯೇ ಎಲ್ಲ ಕೋವಿಗಳೂ ಒಮ್ಮೆ ಹೊರಬಂದು ಒರೆಸಿಕೊಳ್ಳುವಂತೆ ಮಾಡುವ ಈ ಹಬ್ಬ ಬೋರಿನ ಆರೋಗ್ಯಕ್ಕೆ ಮಾಡಿರುವ ಉಪಕಾರ ದೊಡ್ಡದು. ಬಯಲುಸೀಮೆಯ ಆಯುಧಪೂಜೆಗೂ ಇದೇ ಬಲ ಇದೆ, ಕುಂಕುಮ ಹಚ್ಚುವ ಮೊದಲು ಬಟ್ಟೆ ಹಾಯಿಸಿದರೆ.

ಟಿಪ್ಪು ಸುಲ್ತಾನನ ಕಾಲದ ಶ್ರೀರಂಗಪಟ್ಟಣದಲ್ಲಿ ತಯಾರಾದ ಕೋವಿಗಳು 1799ರ ಬಳಿಕ ಇಂಗ್ಲೆಂಡಿನ ಸಂಗ್ರಹಗಳಿಗೆ ಹೋದವು. ಅವುಗಳಲ್ಲಿ ಕೆಲವಕ್ಕೆ ಅಲೆಅಲೆಯಾದ ಗೆರೆಯ ನಳಿಗೆ. ಗಡಸು ಮೆದು ಲೋಹಗಳನ್ನು ಹೆಣೆದು ಬಡಿದ ಇಂಥ ನಳಿಗೆಗಳಲ್ಲಿ ಆಮ್ಲ ಒಂದೊಂದನ್ನು ಒಂದೊಂದು ಬಗೆಯಾಗಿ ತಿನ್ನುವುದರಿಂದಲೇ ಚಿತ್ತಾರ ಎದ್ದು ಕಾಣುತ್ತದೆ. ಅಂಥ ಹಳೆಯ ನಳಿಗೆ ಯಾರ ಮನೆಯಲ್ಲಾದರೂ ಇದ್ದರೆ ಅದಕ್ಕೆ ಹೊಸ ಬಣ್ಣ ಕಟ್ಟಿಸಬಾರದು, ಅದರಿಂದ ಗುಂಡು ಹಾರಿಸಲೂ ಬಾರದು.

ಕೇಪಿನ ಕೋವಿಯ ಮಸಿಮದ್ದು ಬೇರೆ ಬಗೆಯ ವೈರಿ. ಹೊಡೆದ ಮೇಲೆ ಉಳಿಯುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ, ಎಣ್ಣೆಗೆ ಕರಗುವುದಿಲ್ಲ. ಬಿಸಿನೀರಿನಿಂದಲೇ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಬಣ್ಣ ಕಟ್ಟುವ ಮೊದಲೂ ಈ ತೊಳೆತ ಕಡ್ಡಾಯ. ಇಲ್ಲವಾದರೆ ಹಳೆಯ ಮಸಿಯ ಲವಣ ಕುದಿಯುವ ನೀರಿಗೆ ಇಳಿದು ಹೊರಬಣ್ಣವನ್ನೂ ಹಾಳುಮಾಡುತ್ತದೆ.

ಕಾನೂನು ಮತ್ತು ಕೊನೆಯ ತಪಾಸಣೆ

1959ರ ಆಯುಧ ಕಾಯ್ದೆಯ 5ನೆಯ ಕಲಮಿನಂತೆ ಕೋವಿ ದುರಸ್ತಿಯನ್ನು ವೃತ್ತಿಯಾಗಿ ಮಾಡುವವರಿಗೆ ಪರವಾನಗಿ ಬೇಕು. ಊರಿನ ಕುಲುಮೆಯಲ್ಲೋ ಲೇತ್ ಅಂಗಡಿಯಲ್ಲೋ ಈ ಕೆಲಸ ಮಾಡಿಸುವುದು ಮಾಡಿಸಿದವನಿಗೂ ಮಾಡಿದವನಿಗೂ ತೊಂದರೆ ತರುತ್ತದೆ. ಅದೇ ಕಾಯ್ದೆಯ 8ನೆಯ ಕಲಮು ಕೋವಿಯ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದನ್ನು ನಿಷೇಧಿಸುತ್ತದೆ. ಬಣ್ಣಕ್ಕೆ ಮುನ್ನ ಉಜ್ಜುವಾಗ ಸಂಖ್ಯೆಯ ಅಕ್ಷರಗಳು ಸವೆಯದಂತೆ ನೋಡಿಕೊಳ್ಳುವುದು ಅಂದಕ್ಕೆ ಮಾತ್ರ ಸೇರಿದ ಸಂಗತಿಯಲ್ಲ.

ಬಣ್ಣ ಕಟ್ಟಿದ ನಳಿಗೆಯೊಳಗೆ ಕೆಲವು ದಿನ ಕಳೆದ ಮೇಲೂ ತುಕ್ಕು ಏಳಬಹುದು. ಸಂದಿಗಳಲ್ಲಿ, ಜೋಡಿ ನಳಿಗೆಯ ಪಟ್ಟಿಯಡಿಯಲ್ಲಿ ಉಳಿದ ಆಮ್ಲ ಅದಕ್ಕೆ ಕಾರಣ. ಮೊದಲ ವಾರ ದಿನಕ್ಕೊಮ್ಮೆ ಬಿಳಿ ಬಟ್ಟೆ ಹಾಯಿಸಿ ಕೆಂಪು ಬರುತ್ತದೆಯೇ ನೋಡಬೇಕು. ಬಂದರೆ ಎಣ್ಣೆ ತೆಗೆದು, ಸೋಡಾ ನೀರಿನಲ್ಲಿ ತೊಳೆದು, ಮತ್ತೆ ಒಣಗಿಸಿ ಎಣ್ಣೆ ಹಚ್ಚಬೇಕು. ಗುಳಿ ಕಂಡ ನಳಿಗೆಯಿಂದ ಗುಂಡು ಹಾರಿಸದೆ ಪರವಾನಗಿ ಪಡೆದ ದುರಸ್ತಿಗಾರನಿಗೆ ತೋರಿಸಬೇಕು. ಕೋವಿ ಕೊಟ್ಟವರು ಮರಳಿ ಪಡೆಯುವಾಗ ತೋಟಾ ಇಲ್ಲದ್ದನ್ನು ಖಚಿತಪಡಿಸಿಕೊಂಡು, ನಳಿಗೆ ಬಿಚ್ಚಿಸಿ, ಹಿಂಬದಿಯಿಂದ ಬೆಳಕಿನ ಕಡೆ ಹಿಡಿದು ಬೋರನ್ನು ಉದ್ದಕ್ಕೂ ನೋಡಿ, ಆಮೇಲೆ ಕೂಲಿ ಕೊಡಲಿ.